ಕಲ್ಲಮ್ಮ ಪಂಕ್ತಿಗೆ ಕೂತ ಸೋಮವಾರ

ಅಜ್ಜಂಪುರದ ಕಡೆಯ ನಮ್ಮ ಮಠದಲ್ಲಿ ಸೋಮವಾರ ಸೋಮವಾರ ನ್ಯಾಯ ನಡೆಯುತ್ತದೆ. ವಕೀಲರಿಲ್ಲ. ಹಿರಿಯರು ಕೂತು ಕೇಳುತ್ತಾರೆ. ತಮ್ಮ ನೆಂಟರ ವ್ಯಾಜ್ಯ ಬಂದರೆ ಆ ಹಿರಿಯರು ಎದ್ದು ಹೊರಗೆ ಹೋಗಬೇಕು. ತೀರ್ಪು ಹಿಡಿಸದವರು ಸ್ವಾಮಿಗಳ ಹತ್ತಿರ ಹೋಗಬಹುದು. ಇದಕ್ಕೆಲ್ಲ ಮುಂಚೆ ಒಂದು ಕಟ್ಟಳೆ: ವ್ಯಾಜ್ಯದ ಇಬ್ಬರೂ ಒಂದೇ ಪಂಕ್ತಿಯಲ್ಲಿ ಪಕ್ಕಪಕ್ಕ ಕೂತು ಉಣ್ಣಬೇಕು. ಉಣ್ಣದೆ ಕೇಸು ಶುರುವಾಗುವುದಿಲ್ಲ.

ಆ ಪಂಕ್ತಿಯ ಯಜಮಾನಿ ದಾಸೋಹದ ಕಲ್ಲಮ್ಮ. ಮುಖ ತಿರುಗಿಸಿ ಕೂತವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. "ಜರುಗ್ರೀ ಈ ಕಡೆ, ಅನ್ನದ ಮೇಲೇನು ಮುನಿಸು?" ಎಂದು ಸೌಟು ಆಡಿಸುತ್ತ ಗದರುತ್ತಾಳೆ. ನನ್ನನ್ನೂ ನನ್ನ ದಾಯಾದಿಯನ್ನೂ ಹಾಗೆಯೇ ಕೂರಿಸಿದಳು. ಆ ಸಿಟ್ಟು ನನಗಿನ್ನೂ ಪೂರ್ತಿ ಇಳಿದಿಲ್ಲ.

ಹೋದ ವರ್ಷ ಅಂಥವಳದೇ ವ್ಯಾಜ್ಯ ಬಂತು, ತಮ್ಮ ಮೃತ್ಯುಂಜಯನ ಮೇಲೆ. ಅವರ ಅವ್ವನ ಸಮಾಧಿ ಇರುವುದು ಅವನ ಹೊಲದಲ್ಲಿ. ಸೋಮವಾರ ಬೆಳಿಗ್ಗೆ ಅಲ್ಲಿಗೆ ಪತ್ರೆ ಏರಿಸಿಯೇ ಕಲ್ಲಮ್ಮ ಮಠಕ್ಕೆ ಬರುವುದು. ಒಮ್ಮೆ ಹೊಲದ ಗೇಟು ಹಾಕಲು ಮರೆತಳು. ದನ ನುಗ್ಗಿ ಈರುಳ್ಳಿ ತುಳಿದವು. ಮೃತ್ಯುಂಜಯ ಗೇಟಿಗೆ ಬೀಗ ಜಡಿದ.

ವಿಚಾರಣೆಯ ದಿನ ಮೃತ್ಯುಂಜಯ ಎಲೆಯ ಮುಂದೆ ಕೂತ. ಕಲ್ಲಮ್ಮ ಮಾತ್ರ ಸಾರಿನ ಬಕೆಟ್ಟು ಕೆಳಗಿಡಲೊಲ್ಲಳು.

"ನಾನು ಬಡ್ಸೋಳು ಕಣ್ರೀ. ಆಮೇಲ್ ಉಣ್ತೀನಿ."

"ಹಂಗಾರೆ ಕೇಸು ಮುಂದಿನ ಸೋಮವಾರಕ್ಕೆ ಹೋಯ್ತು ಕಣಮ್ಮಾ" ಎಂದರು ಹಿರಿಯರಾದ ಬಸವರಾಜಪ್ಪನವರು.

ಇನ್ನೊಂದು ವಾರ ಅವ್ವನಿಗೆ ಪತ್ರೆ ತಪ್ಪುವುದನ್ನು ಅವಳು ತಾಳಲಾರಳು. ಬಕೆಟ್ಟು ಕುಕ್ಕಿ ಕೂತಳು. ಮುಖ ಆಚೆ ತಿರುಗಿಸಿಕೊಂಡೇ ಉಂಡಳು. ಎಷ್ಟು ಜನರನ್ನು ಗದರಿ ಕೂರಿಸಿದ್ದಳಲ್ಲ, ನೋಡಲಿ ಎಂದು ನನಗೆ ಒಳಗೊಳಗೇ ಖುಷಿ. ಆಮೇಲೆ ಪಾಪ ಅನ್ನಿಸಿತು.

ವಿಚಾರಣೆಯಲ್ಲಿ ಈರುಳ್ಳಿಯ ಮಾತು ಬೇಗ ಮುಗಿಯಿತು. ತಪ್ಪಾಯಿತು ಎಂದಳು.

"ಮತ್ತೆ ಬೀಗ ಯಾಕೋ ತೆಗೀಲಿಲ್ಲ?" ಬಸವರಾಜಪ್ಪನವರು ಮೃತ್ಯುಂಜಯನನ್ನು ಕೇಳಿದರು.

ಅವನು ಅಕ್ಕನ ಕಡೆ ಕೈ ತೋರಿಸಿದ. "ವಾರವಾರ ಅವ್ವನ ಹತ್ರ ಬತ್ತಾಳೆ. ಪಕ್ಕದಲ್ಲೇ ನಮ್ಮನೆ. ಒಂದಿನ ಒಳಗ್ ಬಂದಿಲ್ಲ. ಅವ್ವ ಸತ್ಮೇಲೆ ನಾನೂ ಸತ್ತಂಗೇನಾ?"

"ಅವ್ವ ಇಲ್ದಿರೋ ಅಡುಗೆಮನೆ ನೋಡಕ್ಕಾಗಲ್ಲ ಕಣೋ" ಎಂದು ಕಲ್ಲಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ತೀರ್ಪು ಹೀಗಾಯಿತು: ಸಮಾಧಿಗೆ ಹೋಗುವ ಅಕ್ಕನನ್ನು ತಡೆಯುವಂತಿಲ್ಲ. ಬೀಗ ಇರಲಿ. ಬೀಗದ ಕೈ ತಮ್ಮನ ಅಡುಗೆಮನೆಯ ಗೂಟದಲ್ಲಿ ತೂಗಲಿ, ಅಕ್ಕ ಒಳಗೆ ಹೋಗಿ ಕೇಳಿ ಪಡೆಯಲಿ. "ಸ್ವಾಮಿಗಳ ಹತ್ರ ಹೋಗ್ತೀನಿ" ಎಂದು ಕಲ್ಲಮ್ಮ ಗುಡುಗಿದಳು. ಹೋಗಲಿಲ್ಲ.

ಈಗ ಆ ಗೇಟಿನಲ್ಲಿ ಬೀಗವೇ ಇಲ್ಲ. ತುಕ್ಕು ಹಿಡಿಯಿತೆಂದು ಮೃತ್ಯುಂಜಯ ಕಿತ್ತೆಸೆದ. ಕಲ್ಲಮ್ಮನೂ ಕಣ್ಣಾರೆ ಕಂಡಿದ್ದಾಳೆ. ಆದರೂ ಸೋಮವಾರ ಬೆಳಿಗ್ಗೆ ಮೊದಲು ತಮ್ಮನ ಹೊಸ್ತಿಲು ದಾಟಿ, "ಬೀಗದ ಕೈ ಕೊಡೋ ಲೇ" ಎನ್ನುತ್ತಾಳೆ. ಅವನು ಗೂಟದಿಂದ ತೆಗೆದು ಕೊಡುತ್ತಾನೆ.