ಬೆಟ್ಟಮ್ಮನ ಮಡಿಲಲ್ಲಿ ಒಂಬತ್ತು ಮೊಟ್ಟೆ

ಬೆಟ್ಟಮ್ಮನವರ ಬಲಗೈಯಲ್ಲಿ ಇರುವುದು ಮೂರೇ ಬೆರಳು. ಕಿರುಬೆರಳೂ ಉಂಗುರದ ಬೆರಳೂ ಬುಡದಿಂದಲೇ ಇಲ್ಲ. ಆ ಕೈಯನ್ನು ನಾನು ಮೊದಲು ನೋಡಿದ್ದು ಮೂರು ತಿಂಗಳ ಮಗಳು ಗಗನಳನ್ನು ಎತ್ತಿಕೊಂಡು, ಮೈಸೂರಿನ ತವರಿನಿಂದ ಆತಗೂರಿನ ಹತ್ತಿರದ ನಮ್ಮ ಯಜಮಾನರ ಊರಿಗೆ ಬಂದ ಮಾರನೆಯ ದಿನ. ಮಗುವಿಗೆ ಎಣ್ಣೆ ಹಚ್ಚಿ ನೀರು ಎರೆಯಲು ಎದುರುಮನೆಯ ಬೆಟ್ಟಮ್ಮನವರು ಬಂದು ಬಚ್ಚಲಲ್ಲಿ ಕಾಲು ನೀಡಿ ಕೂತಿದ್ದರು. "ಈ ಬೀದಿ ಮಕ್ಕಳಿಗೆಲ್ಲ ಎರ್ದಿರಾದು ಬೆಟ್ಟಕ್ಕನೇ ಕಣಮ್ಮ, ಕೊಡು" ಅಂದರು ನಮ್ಮತ್ತೆ. ನನಗೆ ಕಂಡದ್ದು ಆ ಕೈಯೊಂದೇ. ಎಣ್ಣೆಮೈಯ ಮಗು, ಮೂರು ಬೆರಳು, ಕೆಳಗೆ ಕಲ್ಲು.

"ಬೇಡ, ನಾನೇ ಮಾಡಿಸ್ತೀನಿ. ಡಾಕ್ಟರು ಹಾಗೇ ಹೇಳಿದ್ದಾರೆ" ಅಂದೆ. ಯಾವ ಡಾಕ್ಟರೂ ಹಾಗೆ ಹೇಳಿರಲಿಲ್ಲ.

ಬೆಟ್ಟಮ್ಮನವರು ನನ್ನ ಮುಖ ನೋಡಿದರು, ಆಮೇಲೆ ತಮ್ಮ ಕೈ ನೋಡಿಕೊಂಡರು. "ಆಗ್ಲೇಳು, ನಿನ್ ಕೂಸು" ಅಂದು ಸೀರೆ ಕೊಡವಿಕೊಂಡು ಎದ್ದುಹೋದರು. ಸಾಯಂಕಾಲ ಮತ್ತೆ ಬಂದಾಗ ಕೈಯಲ್ಲಿ ಕಾಲು ಕಟ್ಟಿದ ಒಂದು ಚುಕ್ಕೆ ಹ್ಯಾಟೆ ಕೋಳಿ ಇತ್ತು. ಬಾಣಂತಿಗೆ ಸಾರು ಮಾಡಿ ಅಂತ ಕೊಟ್ಟು, ನಿಲ್ಲದೆ ಹೋದರು. ಬೆಳಗ್ಗೆ ನೋಡಿದರೆ ಆ ಕೋಳಿ ಕಟ್ಟಿದ್ದ ಕಡೆಯಲ್ಲೇ ಮೊಟ್ಟೆ ಇಟ್ಟಿತ್ತು. "ಮೊಟ್ಟೆಗೆ ಬಂದಿರಾದ ಕುಯ್ಯಾದ್ ಬ್ಯಾಡ" ಅಂದರು ಅತ್ತೆ. ಹೀಗೆ ಚುಕ್ಕಿ ನಮ್ಮ ಮನೆಯಲ್ಲಿ ಉಳಿಯಿತು, ಗಗನಳ ಜೊತೆಗೇ ಮೂರು ವರ್ಷ ತುಂಬಿಸಿತು.

ಈ ಸಲ ಸಂಕ್ರಾಂತಿ ಕಳೆದ ಮೇಲೆ ಚುಕ್ಕಿ ಕಾವಿಗೆ ಕೂತಿತು. ಕೊಟ್ಟಿಗೆಯ ಮೂಲೆಯಲ್ಲಿ ಕುಕ್ಕೆ, ಅದರಲ್ಲಿ ಬೂದಿ, ಹುಲ್ಲು, ಹನ್ನೊಂದು ಮೊಟ್ಟೆ. ಮೇಲೆ ಬಿದಿರಿನ ಮಂಕರಿ ಕವುಚಿ, ಅದರ ಮೇಲೊಂದು ಗುಂಡುಕಲ್ಲು. ಅತ್ತೆ ಮಳವಳ್ಳಿಯ ಮಗಳ ಮನೆಗೆ ಹೊರಟಾಗ ಎರಡೇ ಮಾತು ಹೇಳಿದರು: ದಿನಕ್ಕೊಂದು ಸಲ ಎಬ್ಬಿಸಿ ಕಾಳು ನೀರು ಕೊಡು, ಕಲ್ಲು ಮರೀಬೇಡ.

ನಾನು ಮರೆಯಲಿಲ್ಲ. ಬೇಕೆಂದೇ ತೆಗೆದಿಟ್ಟೆ. ಗಗನ ಇಡೀ ದಿನ ಆ ಮಂಕರಿಗೆ ಕಣ್ಣು ಹಚ್ಚಿ, ಸಂದಿಯಲ್ಲಿ ಚುಕ್ಕಿಯನ್ನು ನೋಡುತ್ತ ಕೂರುತ್ತಿದ್ದಳು. ಕಲ್ಲು ಉರುಳಿ ಅವಳ ಕಾಲ ಮೇಲೆ ಬಿದ್ದರೆ ಅನ್ನುವುದು ನನ್ನ ತಲೆಯಿಂದ ಹೋಗಲೇ ಇಲ್ಲ. ನನ್ನ ಭಯಗಳೇ ಹಾಗೆ, ಒಂದು ಹೊಕ್ಕರೆ ಇನ್ನೊಂದಕ್ಕೆ ಜಾಗ ಕೊಡುವುದಿಲ್ಲ. ಪಕ್ಕದ ಗದ್ದೆಯಲ್ಲಿ ಕಬ್ಬು ಕಡಿಯಲು ಶುರುಮಾಡಿದ್ದರು. ಕಬ್ಬಿನೊಳಗೆ ಬೀಡುಬಿಟ್ಟಿದ್ದ ಪ್ರಾಣಿಗಳೆಲ್ಲ ಹಿತ್ತಲುಗಳಿಗೆ ನುಗ್ಗುತ್ತವೆ ಅನ್ನುವುದು ಊರಿನ ಮಕ್ಕಳಿಗೂ ಗೊತ್ತು. ನನಗೆ ಗೊತ್ತಿರಲಿಲ್ಲ.

ಹತ್ತೊಂಬತ್ತನೆಯ ದಿನ. ಬೆಳಗ್ಗೆ ಹನ್ನೊಂದು ಗಂಟೆ ಇರಬೇಕು, ಬಟ್ಟೆ ಒಣಹಾಕುತ್ತಿದ್ದೆ. ಕೋಳಿಗಳೆಲ್ಲ ಒಟ್ಟಿಗೆ ಕೂಗಿಕೊಂಡವು. ಓಡಿ ಹೋದರೆ ಮಂಕರಿ ಮಗುಚಿ ಬಿದ್ದಿತ್ತು, ಮುಂಗುಸಿಯೊಂದು ಗೋಡೆ ಹತ್ತಿ ಕಬ್ಬಿನ ಕಡೆ ಹಾರಿತು. ಚುಕ್ಕಿ ಮೂಲೆಗೆ ಒತ್ತಿಕೊಂಡು ನಿಂತಿತ್ತು. ಬೆನ್ನಿನ ಚರ್ಮ ಅಂಗೈಯಗಲ ಹರಿದು ಮಡಚಿಕೊಂಡಿತ್ತು. ಎರಡು ಮೊಟ್ಟೆ ಒಡೆದಿದ್ದವು. ನಾನು ಮೊದಲು ಮಾಡಿದ್ದು ಮಗಳ ಕಣ್ಣು ಮುಚ್ಚಿದ್ದು. ಆಮೇಲೆ ನನ್ನ ಕಣ್ಣು ಮುಚ್ಚಿಕೊಂಡೆ.

ಪಶು ಆಸ್ಪತ್ರೆಗೆ ಫೋನ್ ಮಾಡಿದೆ. ಡಾಕ್ಟರು ಯಾವುದೋ ಊರಿಗೆ ಹಸುವಿನ ಹೆರಿಗೆ ಮಾಡಿಸಲು ಹೋಗಿದ್ದಾರೆ, ನಾಳೆ ತನ್ನಿ ಅಂದರು ಅಲ್ಲಿದ್ದವರು. ನಾಳೆ ಅನ್ನುವಷ್ಟರಲ್ಲಿ ಕೋಳಿಯೂ ಇರುವುದಿಲ್ಲ, ಮೊಟ್ಟೆಯೊಳಗಿನ ಮರಿಗಳೂ ಇರುವುದಿಲ್ಲ. ಗಗನಳನ್ನು ಸೊಂಟಕ್ಕೇರಿಸಿಕೊಂಡು ಎದುರುಮನೆಗೆ ಓಡಿದೆ. ಬೆಟ್ಟಮ್ಮನವರು ಜಗಲಿಯಲ್ಲಿ ಹುರುಳಿ ಕೇರುತ್ತಿದ್ದರು.

"ದೊಡ್ಡಮ್ಮ, ಮುಂಗುಸಿ... ಚುಕ್ಕಿ..." ಅಂದೆ.

"ಸತ್ತೋಯ್ತಾ?"

"ಇಲ್ಲ."

"ಮತ್ಯಾಕ್ ಅಳ್ತೀಯ, ನಡಿ" ಅಂದರು ಮೊರ ಕೆಳಗಿಟ್ಟು.

ಕೊಟ್ಟಿಗೆಗೆ ಬಂದವರು ಕೋಳಿಯನ್ನು ಮುಟ್ಟಲಿಲ್ಲ. ಮೊದಲು ಒಂದೊಂದೇ ಮೊಟ್ಟೆ ಎತ್ತಿ ಕೆನ್ನೆಗೆ ಒತ್ತಿ ನೋಡಿ, ಸೆರಗಿನಲ್ಲಿ ಕಟ್ಟಿ, ಹೊಟ್ಟೆಗೆ ಅಂಟುವ ಹಾಗೆ ಮಡಿಲಿಗೆ ಸಿಕ್ಕಿಸಿಕೊಂಡರು. ಒಂಬತ್ತು. "ಇನ್ನೂ ಬೆಚ್ಚಗವೆ" ಅಂದರು. ಆಮೇಲೆ ನನಗೆ ಕೆಲಸ ಹೇಳಿದರು. ನೀರಿಗೆ ಉಪ್ಪು ಹಾಕಿ, ಸೂಜಿ, ಕರೀ ದಾರವನ್ನೂ ಅದರಲ್ಲೇ ಕುದಿಸಿ ಆರಿಸು. ಮಿಕ್ಕ ಕೋಳಿಗಳನ್ನು ಆಚೆ ಓಡಿಸು, ರಕ್ತ ಕಂಡರೆ ಅವೇ ಕುಕ್ಕಿ ಸಾಯಿಸುತ್ತವೆ.

ಚುಕ್ಕಿಯ ತಲೆಯ ಮೇಲೆ ಬಟ್ಟೆ ಹಾಕಿದರು. ಕತ್ತಲಾದದ್ದೇ ಅದರ ಏದುಸಿರು ನಿಧಾನವಾಯಿತು. ಗಾಯದ ಸುತ್ತಲ ಪುಕ್ಕ ಕಿತ್ತು, ಉಪ್ಪುನೀರು ಹನಿಸಿ ತೊಳೆದರು. ಮಡಚಿಕೊಂಡಿದ್ದ ಚರ್ಮವನ್ನು ಹೊದಿಕೆ ಎಳೆದ ಹಾಗೆ ಎಳೆದು ಮುಚ್ಚಿದರು.

"ಎರಡ್ ಕಡೇದೂ ಸೇರ್ಸಿ ಇಡ್ಕೊ ಬಾ. ನಂಗೆ ಬೆರಳು ಸಾಲ್ವು."

"ನನ್ನ ಕೈಲಿ ಆಗಲ್ಲ ದೊಡ್ಡಮ್ಮ. ನಾನು ಗಗನಾಗೆ ಇಂಜೆಕ್ಷನ್ ಹಾಕ್ಸುವಾಗ್ಲೂ ಆ ಕಡೆ ತಿರುಗ್ತೀನಿ."

"ತಿರುಕ್ಕೊಂಡ್ರೆ ಸೂಜಿ ನಿನ್ ಬೆರಳ್ಗೆ ಓಯ್ತದೆ. ನೋಡ್ಕಂಡ್ ಇಡ್ಕೊ."

ಹಿಡಿದೆ. ಚರ್ಮ ನಾನು ಅಂದುಕೊಂಡದ್ದಕ್ಕಿಂತ ತೆಳ್ಳಗಿತ್ತು, ಬಿಸಿಯಾಗಿತ್ತು. ಅದರಡಿಯಲ್ಲಿ ಚುಕ್ಕಿಯ ಎದೆ ಬಡಿತ ನನ್ನ ಬೆರಳಿಗೇ ಬಡಿಯುತ್ತಿತ್ತು. ಮೂರು ಬೆರಳಿನ ಆ ಕೈ ಸೂಜಿ ಹಿಡಿದು ಬಂತು. ಬಟ್ಟೆ ಹೊಲಿದ ಹಾಗೆ ಉದ್ದಕ್ಕೆ ಹೊಲಿಯುತ್ತಾರೆ ಅಂದುಕೊಂಡಿದ್ದೆ. ಇಲ್ಲ, ಒಂದು ಹೊಲಿಗೆ, ಒಂದು ಗಂಟು, ದಾರ ಕತ್ತರಿಸು. ಮತ್ತೆ ಒಂದು ಹೊಲಿಗೆ, ಒಂದು ಗಂಟು.

"ಹೀಗ್ಯಾಕೆ?" ಅಂದೆ.

"ಒಂದ್ ಕಿತ್ತೋದ್ರೂ ಮಿಕ್ಕಿದ್ದು ನಿಂತ್ಕತವೆ."

"ಯಾರು ಹೇಳಿಕೊಟ್ಟಿದ್ದು?"

ಬೆಟ್ಟಮ್ಮನವರು ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡು ಬಲಗೈ ನನ್ನ ಮುಂದೆ ಚಾಚಿದರು. ಬೆರಳಿಲ್ಲದ ಅಂಚಿನಲ್ಲಿ ಹಳೆಯ ಗಾಯದ ಗೆರೆ. ಆ ಗೆರೆಯ ಎರಡೂ ಬದಿಗೆ ಜೋಡಿ ಜೋಡಿ ಚುಕ್ಕೆಗಳು. ಮೂರು ವರ್ಷ ಆ ಕೈಗೆ ಹೆದರಿದ್ದೆ, ಒಂದು ದಿನವೂ ಅದನ್ನು ಸರಿಯಾಗಿ ನೋಡಿರಲಿಲ್ಲ.

ಹೊಲಿಯುತ್ತಲೇ ಹೇಳಿದರು. ಮದುವೆಯಾಗಿ ಬಂದ ಮೂರನೆಯ ವರ್ಷ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವ ಕೆಲಸ ಮಾಡುತ್ತಿದ್ದರಂತೆ. ಒಂದು ಜಲ್ಲೆಯ ಜೊತೆಗೆ ಬೆರಳೂ ಹೋದವು. ಮಂಡ್ಯದ ಆಸ್ಪತ್ರೆಯಲ್ಲಿ ಮರಗಟ್ಟುವ ಸೂಜಿ ಕೊಟ್ಟು ಹೊಲಿಗೆ ಹಾಕುವಾಗ ಡಾಕ್ಟರು ಮುಖ ತಿರುಗಿಸಿಕೋ ಅಂದರಂತೆ. ಇವರು ತಿರುಗಿಸಲಿಲ್ಲ. ಹನ್ನೊಂದು ಹೊಲಿಗೆ, ಹನ್ನೊಂದನ್ನೂ ನೋಡಿದರು. ಹಳ್ಳಿಗೆ ಬಂದ ಮೇಲೆ ನಾಯಿ ಕಚ್ಚಿದ ಒಂದು ಮೇಕೆಮರಿಗೆ ಹಾಗೇ ಹೊಲಿದರು. ಬದುಕಿತು. ಅಲ್ಲಿಂದ ಮುಂದೆ ಎಷ್ಟು ಕೋಳಿ, ಎಷ್ಟು ಕುರಿ ಅಂತ ಅವರಿಗೇ ನೆನಪಿಲ್ಲ.

"ಹೆದರಿಕೆ ಆಗ್ಲಿಲ್ವಾ, ಕಣ್ಣಾರೆ ನೋಡೋಕೆ?"

"ಆಗ್ದೆ ಏನು. ನನ್ ಕೈ ಕಣವ್ವ ಅದು. ನಾನೇ ನೋಡ್ದೆ ಇದ್ರೆ ಇನ್ಯಾರ್ ನೋಡಾರು?"

ಏಳು ಹೊಲಿಗೆ ಆಯಿತು. ನಾನು ಒಂದಕ್ಕೂ ಕಣ್ಣು ಮುಚ್ಚಲಿಲ್ಲ. ಅರಿಸಿನ ಒತ್ತಿ, ನೊಣ ಕೂರದ ಹಾಗೆ ಸುತ್ತಲೂ ಬೇವಿನೆಣ್ಣೆ ಸವರಿ, ಹೊಸ ಹುಲ್ಲು ಹಾಸಿದ ಕುಕ್ಕೆಯಲ್ಲಿ ಚುಕ್ಕಿಯನ್ನು ಕೂರಿಸಿದರು. ಅದು ಎದ್ದು ಗೋಡೆಗೆ ಮುಖ ಮಾಡಿ ನಿಂತಿತು. ಮತ್ತೆ ಕೂರಿಸಿದರೆ ಮತ್ತೆ ಎದ್ದಿತು.

"ಗಾಬರಿ ಇಳೀಲಿ" ಅಂದು ಮಂಕರಿ ಕವುಚಿದರು. ತಾವು ಹೋಗಿ ನೀರೊಲೆಯ ಪಕ್ಕ ಗೋಡೆಗೆ ಒರಗಿ ಕೂತರು, ಮಡಿಲಲ್ಲಿ ಒಂಬತ್ತು ಮೊಟ್ಟೆ. ಊಟಕ್ಕೆ ಏಳಲಿಲ್ಲ, ನಾನೇ ಮುದ್ದೆಯ ತಟ್ಟೆ ತಂದು ಕೈಗೆ ಕೊಟ್ಟೆ. ಆಗಾಗ ಕೈ ಒಳಗೆ ತೂರಿಸಿ ಮೊಟ್ಟೆಗಳನ್ನು ತಿರುವುತ್ತಿದ್ದರು, ಕೋಳಿ ತಿರುವುವ ಹಾಗೆಯೇ. ಗಗನ ಅವರ ಪಕ್ಕದಲ್ಲಿ ಕೂತು ಅವರ ಹೊಟ್ಟೆಗೆ ಕಿವಿ ಹಚ್ಚಿದಳು.

"ಬೆಟ್ಟಜ್ಜಿ, ನಿನ್ ಹೊಟ್ಟೇಲಿ ಮರಿ ಇದ್ಯಾ?"

"ಒಂಬತ್ತವೆ. ಊರಿಗೆಲ್ಲ ಹೇಳ್ಬುಟ್ಟೀಯ ಮತ್ತೆ, ನಗ್ತಾರೆ ಈ ವಯಸ್ಸಲ್ಲಿ."

ಬಿಸಿಲು ಇಳಿಯುವ ಹೊತ್ತಿಗೆ ಕೊಟ್ಟಿಗೆಗೆ ಹೋದೆವು. ಬೆಟ್ಟಮ್ಮನವರು ಮಂಕರಿಯನ್ನು ಒಂದು ಕಡೆ ಎತ್ತಿ, ಒಂದೇ ಒಂದು ಮೊಟ್ಟೆಯನ್ನು ಚುಕ್ಕಿಯ ಮುಂದೆ ಒಂದು ಗೇಣು ದೂರದಲ್ಲಿ ಇಟ್ಟರು. ಎದೆಯ ಕೆಳಗೆ ಯಾಕೆ ಇಡಲಿಲ್ಲ ಅಂತ ಕೇಳಬೇಕೆಂದಿದ್ದೆ. ಅವರು ಮಾತಾಡಬೇಡ ಅನ್ನುವಂತೆ ನನ್ನ ಮಂಡಿಯ ಮೇಲೆ ಕೈ ಇಟ್ಟರು.

ಚುಕ್ಕಿ ನಿಂತೇ ಇತ್ತು. ತುಂಬ ಹೊತ್ತು. ಆಚೆ ಕಬ್ಬು ಕಡಿಯುವವರು ಮಚ್ಚು ಮಸೆಯುವ ಸದ್ದು. ಆಮೇಲೆ ಅದು ಕತ್ತು ಬಗ್ಗಿಸಿತು. ಬಗ್ಗಿದಾಗ ಬೆನ್ನಿನ ಹೊಲಿಗೆ ಬಿಗಿಯಾದದ್ದು ನನಗೆ ಕಂಡಿತು, ಅದಕ್ಕೆ ನೋವಾಗಿರಲೇಬೇಕು. ಕೊಕ್ಕಿನ ಕೆಳಭಾಗವನ್ನು ಮೊಟ್ಟೆಯ ಆಚೆಗೆ ಹಾಕಿ ನಿಧಾನ ತನ್ನ ಕಡೆ ಎಳೆದುಕೊಂಡಿತು. ಉರುಳಿ ಬಂದ ಮೊಟ್ಟೆಯನ್ನು ಎದೆಯ ಕೆಳಗೆ ತೂರಿಸಿ, ರೆಕ್ಕೆ ಅಗಲಿಸಿ, ಕೂತಿತು.

ಓದಿದವಳು ನಾನು, ಕಾವು ಅಂದರೆ ಏನೆಂದು ಪುಸ್ತಕದಲ್ಲಿ ತಿಳಿದವಳು. ಆದರೆ ಹರಿದ ಬೆನ್ನು ಬಗ್ಗಿಸಿ ಆ ಜೀವ ತನ್ನ ಮೊಟ್ಟೆಯನ್ನು ಕರೆದುಕೊಂಡ ರೀತಿ ಯಾವ ಪುಸ್ತಕದಲ್ಲೂ ಇರಲಿಲ್ಲ.

"ತಾನಾಗಿ ಎಳ್ಕಂಡ್ರೆ ಇನ್ ಬುಡಾಕಿಲ್ಲ" ಅಂದರು ಬೆಟ್ಟಮ್ಮನವರು. ಮಿಕ್ಕ ಎಂಟನ್ನೂ ಒಂದೊಂದಾಗಿ ಇಟ್ಟರು. ಎಂಟನ್ನೂ ಅದು ಎಳೆದುಕೊಂಡಿತು.

ಮಂಕರಿ ಕವುಚುವಾಗ ನಾನು ಹೇಳಿಬಿಟ್ಟೆ. "ಕಲ್ಲು ತೆಗೆದಿದ್ದು ನಾನೇ ದೊಡ್ಡಮ್ಮ. ಮಗು ಕಾಲ ಮೇಲೆ ಬೀಳುತ್ತೆ ಅಂತ."

"ಗೊತ್ತು. ಬಂದಾಗ್ಲೇ ನೋಡ್ದೆ, ಪಕ್ದಲ್ಲಿ ಕುಂತಿತ್ತು ನಿನ್ ತರಾನೇ." ಗುಂಡುಕಲ್ಲನ್ನು ಕಾಲಿನಲ್ಲಿ ಆಚೆ ತಳ್ಳಿ, ಬಚ್ಚಲ ಕಡೆಯಿಂದ ಒಂದು ಚಪ್ಪಟೆ ಕಲ್ಲು ತರಿಸಿ ಮಂಕರಿಯ ಮೇಲೆ ಕೂರಿಸಿದರು. "ಎದ್ರಿಕೆ ಆದ್ರೆ ಉರುಳ್ದೆ ಇರೋ ಕಲ್ಲು ಉಡುಕ್ಬೇಕು. ಕಲ್ಲೇ ತೆಗ್ದುಬುಟ್ರೆ ಎಂಗೆ?"

ಮಾರನೆಯ ದಿನ ಪಶು ಡಾಕ್ಟರು ನೀರಿಗೆ ಬೆರೆಸುವ ಔಷಧಿ ಕೊಟ್ಟರು, ಹೊಲಿಗೆಯನ್ನು ಬಿಚ್ಚಲಿಲ್ಲ. ಇಪ್ಪತ್ತೊಂದನೆಯ ದಿನ ಏಳು ಮರಿ ಹೊರಬಂದವು. ಎರಡು ಮೊಟ್ಟೆ ಬರಲಿಲ್ಲ. ಹತ್ತು ದಿನದ ಮೇಲೆ ಬ್ಲೇಡು ಸುಟ್ಟು ಹೊಲಿಗೆ ಬಿಚ್ಚಿದವಳು ನಾನು, ಬೆಟ್ಟಮ್ಮನವರು ಜಗಲಿಯಿಂದಲೇ "ಗಂಟಿನ ಕೆಳಕ್ಕೆ ಕುಯ್ಯಿ" ಅನ್ನುತ್ತಿದ್ದರು.

ಆ ಭಾನುವಾರ ಎಣ್ಣೆ ಬಟ್ಟಲು ಹಿಡಿದು, ಗಗನಳ ಕೈ ಎಳೆದುಕೊಂಡು ಅವರ ಬಚ್ಚಲ ಬಾಗಿಲಲ್ಲಿ ನಿಂತೆ. "ಎರೀತೀರಾ ದೊಡ್ಡಮ್ಮ?"

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಂಗೈಯಗಲ ಇದ್ದಾಗ ಕೊಡ್ನಿಲ್ಲ, ಕುದುರೆ ಆದ್ಮ್ಯಾಲೆ ತಂದವ್ಳೆ. ನಿನ್ ಡಾಕ್ಟ್ರು ಬ್ಯಾಡ ಅಂದಿದ್ರಲ್ಲ?"

"ಯಾವ ಡಾಕ್ಟರೂ ಅಂದಿರಲಿಲ್ಲ."

"ಅದೂ ಗೊತ್ತು" ಅಂದು ಸೀರೆ ಮೇಲೆ ಸಿಕ್ಕಿಸಿಕೊಂಡು ಕಾಲು ನೀಡಿ ಕೂತರು. ನಾನು ಬಾಗಿಲಲ್ಲೇ ನಿಂತು, ಮೂರು ಬೆರಳು ನನ್ನ ಮಗಳ ನೆತ್ತಿಗೆ ಎಣ್ಣೆ ತಟ್ಟುವುದನ್ನು ನೋಡಿದೆ.