ಅತ್ತೆ ಕೇಳಿದ ಇಂಜೆಕ್ಷನ್

ಹೋದ ತಿಂಗಳು ನಮ್ಮ ಸೋದರತ್ತೆ ಸಾವಿತ್ರಮ್ಮ ಡಾಕ್ಟರನ್ನು ಸಾಯುವ ಇಂಜೆಕ್ಷನ್ ಕೇಳಿದರು. ಇನ್ನೊಂದು ಲೋಟ ಕಾಫಿ ಕೇಳಿದಷ್ಟು ಸಲೀಸಾಗಿ.

ಅತ್ತೆ ರಾಜಾಜಿನಗರದ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಡ್ರಿಲ್ ಟೀಚರ್ ಆಗಿದ್ದವರು. ಮದುವೆಯಾಗಲಿಲ್ಲ. (ಆಗಿದ್ದರೆ ಗಂಡನ ಗತಿ?) ರಿಟೈರಾದ ಮೇಲೆ ನಮ್ಮ ಜೊತೆಗೇ ಇದ್ದಾರೆ. ಈಗ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿದೆ. ಮಗ್ಗುಲು ಬದಲಿಸಿದರೆ ಪ್ರಾಣ ಹಿಂಡುವ ನೋವು.

"ಭಾನುವಾರ ಬರ್ತೀನಿ, ಕೂತು ಮಾತಾಡೋಣ" ಎಂದಷ್ಟೇ ಹೇಳಿ ಡಾಕ್ಟರು ಹೋದರು. ಭಾನುವಾರ ಅವರು ಬರುವ ಮೊದಲೇ ನಮ್ಮ ನಡುಮನೆಯಲ್ಲಿ ಡಿಬೇಟ್ ಶುರು. ಬೆಳಗಿನ ಟೀವಿ ಸೀರಿಯಲ್ಲನ್ನೂ ಆಫ್ ಮಾಡಿದ್ದೆವು ಅಂದಮೇಲೆ ವಿಷಯದ ಗಾಂಭೀರ್ಯ ನಿಮಗೇ ತಿಳಿಯುತ್ತದೆ.

"ಪಾಪ ಕಣೋ ಅದು. ಕೊಟ್ಟ ದೇವರೇ ತಗೋಬೇಕು" ಅಂದರು ವಿಜಯನಗರದಿಂದ ಬಂದಿದ್ದ ಚಿಕ್ಕಪ್ಪ.

"ನೋವು ತಿನ್ನೋರು ಅವರು. ಹಕ್ಕೂ ಅವರದೇ" ಅಂದ ನನ್ನ ತಮ್ಮ.

"ಡಾಕ್ಟ್ರು ಇರೋದು ಉಳಿಸೋಕೆ. ಕೊಲ್ಲೋಕೂ ಹೊರಟ್ರೆ ನಾಳೆ ಯಾರು ನಂಬ್ತಾರೆ?" ಅಂದಳು ನನ್ನ ಹೆಂಡತಿ.

ನಾನು? ಅಂಕಣ ಬರೆಯುವವನಲ್ಲವೇ, ಎಲ್ಲ ಕಡೆಗೂ ತಲೆಯಾಡಿಸಿದೆ.

ಒಳಕೋಣೆಯಿಂದ ಡ್ರಿಲ್ ಟೀಚರ್ ದನಿ ಬಂತು. "ಸಾಯೋಳು ನಾನು. ನನ್ನ ಬಿಟ್ಟು ಮೀಟಿಂಗ್ ಏನ್ರೋ?"

ಮಂಚ ಸಮೇತ ಎತ್ತಿ ತಂದು ನಡುಮನೆಯಲ್ಲಿಟ್ಟೆವು. ಅಷ್ಟರಲ್ಲಿ ಡಾಕ್ಟರೂ ಬಂದರು. ಕುರ್ಚಿ ಎಳೆದುಕೊಂಡು ಅತ್ತೆಯ ಪಕ್ಕ ಕೂತರು.

"ಆ ಇಂಜೆಕ್ಷನ್ ನಾನು ಕೊಡಲ್ಲ ಸಾವಿತ್ರಮ್ಮ. ಕಾನೂನು ಒಪ್ಪಲ್ಲ, ನನ್ನ ಮನಸ್ಸೂ ಒಪ್ಪಲ್ಲ. ಆದ್ರೆ ಒಂದು ಹೇಳಿ. ನೋವಿಲ್ಲದ ಒಂದು ದಿನ ಸಿಕ್ಕಿದ್ರೆ ಏನ್ ಮಾಡ್ತೀರಿ?"

ಅತ್ತೆ ಯೋಚಿಸಲೇ ಇಲ್ಲ. "ನಮ್ಮ ಸ್ಕೂಲ್ ಹುಡುಗೀರ ಖೋ ಖೋ ಫೈನಲ್ ನೋಡ್ತೀನಿ."

ಅತ್ತೆಗೆ ಇಂಥದೊಂದು ಆಸೆಯಿದೆ ಎಂದು ನಮಗ್ಯಾರಿಗೂ ಗೊತ್ತೇ ಇರಲಿಲ್ಲ.

ಡಾಕ್ಟರು ಮಾತ್ರೆ ಬದಲಿಸಿದರು. ನೋವು ಬರಲಿ ಎಂದು ಕಾಯಬೇಡಿ, ಹೊತ್ತು ಹೊತ್ತಿಗೆ ಕೊಡಿ ಎಂದರು. ಕೆಲವೇ ದಿನಗಳಲ್ಲಿ ಅತ್ತೆ ದಿಂಬಿಗೊರಗಿ ಕೂತರು. ಆಮೇಲೆ ನಮ್ಮನ್ನೆಲ್ಲ ಬೈಯತೊಡಗಿದರು. ಮನೆಯಲ್ಲಿ ಹಬ್ಬ!

ಫೈನಲ್ ದಿನ ಆಟೋದೊಳಗೆ ದಿಂಬುಗಳ ನಡುವೆ ಅತ್ತೆ. ಹಿಂದೆ ಸ್ಕೂಟರಿನಲ್ಲಿ ಡಾಕ್ಟರು. ಗ್ರೌಂಡಿನ ಅಂಚಿನಲ್ಲಿ ಕುರ್ಚಿ ಹಾಕಿ ಕೂರಿಸಿದೆವು. "ಬೆನ್ನು ಮುಟ್ಟಿ ಆಮೇಲೆ ಖೋ ಅನ್ನೇ" ಎಂದು ಅತ್ತೆ ಕೂಗಿದ್ದೇ ಕೂಗಿದ್ದು. ರೆಫರಿಗೂ ಪಾಠವಾಯಿತು. ನಮ್ಮ ಹುಡುಗಿಯರು ಸೋತರು. ಅಳುತ್ತ ಬಂದವರಿಗೆ ಅತ್ತೆ ಕಡಲೆಕಾಯಿ ಕೊಡಿಸಿ, ಅವರು ಮಾಡಿದ ತಪ್ಪುಗಳನ್ನೆಲ್ಲ ಕೂತಲ್ಲೇ ಅಣಕಿಸಿ ತೋರಿಸಿ ನಗಿಸಿದರು.

ಮ್ಯಾಚ್ ನೋಡಲು ಬಂದಿದ್ದ ಚಿಕ್ಕಪ್ಪನಿಗೆ ತಡೆಯಲಾಗಲಿಲ್ಲ. "ನೋಡಿದ್ಯಾ ಅಕ್ಕ? ಆ ಇಂಜೆಕ್ಷನ್ ತಗೊಂಡಿದ್ರೆ?"

"ಇದು ತಪ್ಪೋಗ್ತಿತ್ತು, ನಿಜ. ಆದ್ರೆ ನೋವು ತಿರುಗಿ ಬಂದ್ರೆ ಮತ್ತೆ ಕೇಳ್ತೀನಿ" ಎಂದರು ಅತ್ತೆ.

"ಕೇಳಿ. ನಾನೂ ಮತ್ತೆ ಬಂದು ಪಕ್ಕದಲ್ಲಿ ಕೂತ್ಕೋತೀನಿ" ಎಂದರು ಡಾಕ್ಟರು.

ಇಬ್ಬರಲ್ಲಿ ಯಾರು ಸರಿ? ನನಗಿನ್ನೂ ಗೊತ್ತಿಲ್ಲ. ಸಾಯುವ ಹಕ್ಕಿನ ವಾದ ಬೇಗ ಮುಗಿಯುವಂಥದ್ದೂ ಅಲ್ಲ. ಅಲ್ಲಿಯವರೆಗೆ ಒಂದು ಪ್ರಶ್ನೆ: ನಿಮ್ಮ ಮನೆಯಲ್ಲಿ ಮಲಗಿರುವವರನ್ನು "ಮಾತ್ರೆ ಆಯ್ತಾ" ಅನ್ನುವುದನ್ನು ಬಿಟ್ಟು ಬೇರೇನಾದರೂ ಕೇಳಿ ಎಷ್ಟು ದಿನವಾಯಿತು?