ಎಡಕ್ಕೆ ಮಡಚಿದ ರಗ್ಗು

ಸತ್ತವರು ಬಂದರು, ಹೋದರು ಎಂದು ಯಾರಾದರೂ ಹೇಳಿದರೆ ಅವರೆದುರೇ ನಕ್ಕುಬಿಡುತ್ತಿದ್ದವಳು ನಾನು. ಈಗಲೂ ನಂಬುತ್ತೇನೆ ಎನ್ನಲಾರೆ, ಆದರೆ ನಗುವುದನ್ನು ಬಿಟ್ಟಿದ್ದೇನೆ. ಓದುವ ನಿಮಗೆ ಮೊದಲೇ ಹೇಳಿಬಿಡುತ್ತೇನೆ, ನನಗೆ ಹೆದರಿಕೆ ಎಂಬುದು ಆಗಲೇ ಇಲ್ಲ. ಆದದ್ದು ಹೊಟ್ಟೆಕಿಚ್ಚು.

ನನ್ನವರು ಸೈನ್ಯದಲ್ಲಿ ಹವಾಲ್ದಾರರಾಗಿದ್ದರು. ಗಡಿಯಲ್ಲಿ ಹಿಮ ಕುಸಿದು ತೀರಿಕೊಂಡರು. ನಾನಿರುವುದು ನರಸಿಂಹರಾಜಪುರದಲ್ಲಿ, ಕೆಲಸ ಅಂಗನವಾಡಿಯಲ್ಲಿ. ಅವರ ಜೊತೆಗೇ ಸೈನ್ಯಕ್ಕೆ ಸೇರಿದ ಗೆಳೆಯರೊಬ್ಬರ ಹೆಂಡತಿ ಮಾಲತಿ ಕೊಪ್ಪದಲ್ಲಿದ್ದಾಳೆ. ರಜೆಗೆ ಬರುವಾಗ ನಮ್ಮೂರಿನ ಕೊನೆಯ ಬಸ್ಸು ತಪ್ಪಿದರೆ ಇವರು ಮಾಲತಿಯ ಮನೆಯಲ್ಲೇ ಮಲಗಿ ಬೆಳಿಗ್ಗೆ ಬರುತ್ತಿದ್ದರು. ಆಗ ಅವಳ ಅತ್ತೆ ಮಾವ ಇದ್ದರು. ನನಗೆ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ.

ಮಾಲತಿಯ ಗಂಡ ಈಗಲೂ ನೌಕರಿಯಲ್ಲಿದ್ದಾರೆ. ಸಂಜೆಯಾದರೆ ವಿಡಿಯೋ ಕಾಲ್. ಅದು ಮುಗಿದ ಮೇಲೆ ನನಗೆ ಫೋನು ಮಾಡಿ ಅವರ ಮೇಲೆ ದೂರು. ನನ್ನನ್ನು ಗಣರಾಜ್ಯೋತ್ಸವದ ದಿನ ವೇದಿಕೆಗೆ ಕರೆದು, ವೀರನಾರಿ ಎಂದು ಹೊಗಳಿ ಶಾಲು ಹೊದಿಸುತ್ತಾರೆ. "ನಿಮಗಾದ್ರೂ ಮರ್ಯಾದೆ ಉಂಟು ಅಕ್ಕಾ, ನಮ್ಮನ್ನ ಯಾರು ಕೇಳ್ತಾರೆ?" ಎಂದು ಅವಳೊಮ್ಮೆ ಅಂದಿದ್ದಳು. ನನಗೆ ಶಾಲು, ಅವಳಿಗೆ ಗಂಡ. ಎಂಥಾ ಪಾಲು!

ವರ್ಷದ ಕಾರ್ಯವನ್ನು ಶೃಂಗೇರಿಯಲ್ಲಿ ಹೊಳೆಯ ದಡದಲ್ಲಿ ಮಾಡಿಸಿದೆವು. ಇಟ್ಟ ಎಡೆಯನ್ನು ಕಾಗೆ ತಕ್ಷಣ ಮುಟ್ಟಿತು. ಆಸೆ ಏನೂ ಉಳಿಸಿಕೊಳ್ಳದೆ ಹೋಗಿದ್ದಾನೆ ಎಂದು ಹಿರಿಯರಿಗೆ ಸಮಾಧಾನವಾಯಿತು. ನನಗೆ ಮೈಯೆಲ್ಲ ಉರಿಯಿತು. ನಾನಿರಲಿಲ್ಲವೇ ಇಲ್ಲಿ?

ಅವರು ಎಡಗೈಯವರು. ಸೈನ್ಯದಲ್ಲಿ ಹಾಸಿಗೆ ಮಡಚುವುದಕ್ಕೂ ಒಂದು ಕ್ರಮವಿದೆ, ಎಲ್ಲರದ್ದೂ ಒಂದೇ ಕಡೆಗೆ ಇರಬೇಕು. ಇವರು ತರಬೇತಿಯಲ್ಲಿ ಅಭ್ಯಾಸಬಲದಿಂದ ಎಡಕ್ಕೇ ಮಡಚಿ, ಶಿಕ್ಷೆಗೆಂದು ಹಾಸಿಗೆ ತಲೆಯ ಮೇಲೆ ಹೊತ್ತು ಮೈದಾನ ಸುತ್ತಿದವರು. ಅಲ್ಲಿ ತಿದ್ದಿಕೊಂಡರೂ ರಜೆಯಲ್ಲಿ ಹೊದ್ದ ರಗ್ಗು ಮತ್ತೆ ಎಡಕ್ಕೇ. ಕೊನೆಗೆ ಬೀಡಾ ಕಟ್ಟಿದ ಹಾಗೆ ಒಂದು ತುದಿಯನ್ನು ಒಳಗೆ ಸಿಕ್ಕಿಸುತ್ತಿದ್ದರು. ಹಾಗೆ ಮಡಚುವವರನ್ನು ನಾನು ಬೇರೆ ಕಂಡಿಲ್ಲ.

ಅವರು ಹೋಗಿ ನಾಲ್ಕನೆಯ ವರ್ಷ. ಬದುಕಿದ್ದೇನೆ ಎಂದು ವರ್ಷಕ್ಕೊಮ್ಮೆ ಪಿಂಚಣಿಗೆ ಕೊಡಬೇಕಾದ ಕಾಗದದ ಕೆಲಸಕ್ಕೆ ಕೊಪ್ಪಕ್ಕೆ ಹೋಗಿದ್ದೆ. ಮಾಲತಿ ಒತ್ತಾಯ ಮಾಡಿ ಊಟಕ್ಕೆ ಕರೆದಳು. ಮನೆಯಲ್ಲಿ ನಾವಿಬ್ಬರೇ. ಉಂಡು ಒಳಗಿನ ಕೋಣೆಯಲ್ಲಿ ಸ್ವಲ್ಪ ಹೊತ್ತು ಮಲಗಿ, ರಗ್ಗನ್ನು ಮುದ್ದೆಯಾಗಿ ಬಿಟ್ಟು ಎದ್ದೆ. ಜಗಲಿಯಲ್ಲಿ ಕಾಫಿ ಕುಡಿಯುತ್ತ ಅರ್ಧ ಗಂಟೆ ಮಾತಾಡಿದೆವು. ಅವಳು ಕೂತಲ್ಲಿಂದ ಏಳಲಿಲ್ಲ. ಹಿತ್ತಲ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು.

ಬಸ್ಸಿಗೆ ಹೊತ್ತಾಯಿತೆಂದು ಚೀಲ ತರಲು ಹೋದರೆ ರಗ್ಗು ಮಂಚದ ಮೇಲೆ ಚೌಕವಾಗಿ ಕೂತಿದೆ. ಎಡಕ್ಕೆ ಮಡಚಿ, ತುದಿ ಒಳಗೆ ಸಿಕ್ಕಿಸಿ. ಹಿಂದಿನಿಂದ ಮಾಲತಿ ಬಂದು ನೋಡಿದಳು.

"ಭಾವ ಮಡಚ್ತಿದ್ದ ಹಂಗೇ ಅಲ್ವಾ ಅಕ್ಕಾ?" ಎಂದಳು ಮೆಲ್ಲಗೆ. "ಇದು ಮೂರನೇ ಸಲ. ಹೇಳಿದ್ರೆ ನಿಮಗೆ ಬೇಜಾರಾಗ್ತದೆ ಅಂತ ಸುಮ್ಮನಿದ್ದೆ."

ಮೂರನೇ ಸಲ! ನನ್ನ ಮನೆಗೆ ಒಂದು ಸಲವೂ ಇಲ್ಲ. ಇವಳಿಗೆ ಗಂಡನೂ ಇದ್ದಾನೆ, ನನ್ನ ಗಂಡನೂ ಬರುತ್ತಾನೆ! ನನ್ನವರು ರಗ್ಗು ಮಡಚುವ ಬಗೆ ನನಗೊಬ್ಬಳಿಗೇ ಗೊತ್ತು ಎಂದುಕೊಂಡಿದ್ದೆ, ಅದೂ ಅವಳಿಗೆ ಗೊತ್ತಿತ್ತು. ಅವಳ ಮೇಲೆ ಅನುಮಾನಪಡಲು ಕಾರಣವಿರಲಿಲ್ಲ. ಆದರೂ ಪಟ್ಟೆ. "ಈ ರಗ್ಗು ನಂಗೆ ಬೇಕು" ಎಂದು ಕೇಳಿ, ಅವಳು ಹೂಂ ಅನ್ನುವ ಮೊದಲೇ ಬಿಡಿಸಿ ಚೀಲಕ್ಕೆ ತುರುಕಿದೆ.

ಮನೆಗೆ ತಂದು ದಿನಾ ಮುದ್ದೆ ಮಾಡಿ ಮಂಚದ ಮೇಲೆ ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದೆ. ಸಂಜೆ ಬಾಗಿಲು ತೆಗೆದು ಮೊದಲು ಅದನ್ನೇ ನೋಡುವುದು. ಬಿಟ್ಟ ಹಾಗೇ ಬಿದ್ದಿರುತ್ತಿತ್ತು. ಕೆಲವು ದಿನ ಫೋಟೋದ ಎದುರು ನಿಂತು ಅವರಿಗೆ ಬೈದದ್ದೂ ಉಂಟು. ಬೇಸರಕ್ಕೆ ನಾನೇ ಅವರ ಹಾಗೆ ಮಡಚಿ ನೋಡುತ್ತಿದ್ದೆ. ಬಲಗೈಯವಳಿಗೆ ಅದು ಸುಲಭವಲ್ಲ, ಕೈಗೆ ಹಿಡಿತ ಸಿಗಲು ತಿಂಗಳುಗಳೇ ಬೇಕಾದವು.

ಮರುವರ್ಷ ಮಾಲತಿ ಯಾವುದೋ ಮದುವೆಗೆಂದು ನಮ್ಮೂರಿಗೆ ಬಂದವಳು ಮಧ್ಯಾಹ್ನ ಅದೇ ರಗ್ಗು ಹೊದ್ದು ಮಲಗಿದಳು. ಎದ್ದು ಬಚ್ಚಲಿಗೆ ಹೋದಾಗ ನಾನು ಕೋಣೆಗೆ ಹೋದೆ. ಮುದ್ದೆಯಾಗಿ ಬಿದ್ದಿತ್ತು. ಬೇಗಬೇಗ ಎಡಕ್ಕೆ ಮಡಚಿದೆ, ತುದಿ ಒಳಗೆ ಸಿಕ್ಕಿಸಿದೆ, ಅಡುಗೆಮನೆಗೆ ಬಂದು ಏನೂ ಅರಿಯದವಳಂತೆ ಹಾಲು ಕಾಯಲಿಟ್ಟೆ.

"ಅಕ್ಕಾ, ಬನ್ನಿ ಇಲ್ಲಿ!" ಎಂದು ಕೂಗಿದಳು. ಹೋದರೆ ಅವಳ ಕಣ್ಣಲ್ಲಿ ನೀರು. "ಇಲ್ಲಿಗೂ ಬರ್ತಾರೆ ಮಾರಾಯ್ರೇ! ನಂಗೆ ಎಷ್ಟು ನಿರಾಳ ಆಯ್ತು ಗೊತ್ತಾ?"

"ಬರ್ತಾರೆ. ಯಾವಾಗ್ಲೂ ಬರ್ತಾರೆ" ಎಂದೆ.

ಕೊಪ್ಪದಲ್ಲಿ ಆ ಮಧ್ಯಾಹ್ನ ರಗ್ಗು ಮಡಚಿದವರು ಯಾರು ಎಂದು ನನಗೆ ಇವತ್ತಿಗೂ ತಿಳಿದಿಲ್ಲ. ಆಮೇಲೆ ಅಲ್ಲಿ ಮತ್ತೆ ಹಾಗಾಯಿತೋ ಇಲ್ಲವೋ, ಮಾಲತಿ ಹೇಳಿಲ್ಲ. ಕೇಳುವ ಧೈರ್ಯ ನನಗಿಲ್ಲ.